ಹೀಬ್ರೂ ಕೀರ್ತನೆಗಳಿಗೆ ಇಂದಿನ ಸಂಗೀತ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಬೈಬಲ್ಲಿನಲ್ಲಿ ‘ಕೀರ್ತನೆಗಳು’ ಎಂದು ಕರೆಯುವ 150 ಪದ್ಯಗಳ ಸಂಗ್ರಹಕ್ಕೆ ಹೀಬ್ರೂ ಭಾಷೆಯಲ್ಲಿ ‘ತೆಹಿಲ್ಲೀಮ್’ ಎಂದು ಹೆಸರು. ಅನುವಾದಕ್ಕಲ್ಲ, ಮೂಲ ಹೀಬ್ರೂ ಮಾತುಗಳಿಗೇ ಹೊಸ ಸಂಗೀತ ಹಾಕಬೇಕೆನ್ನುವ ಸಂಯೋಜಕರು, ಗಾಯಕರು ಮತ್ತು ಮೇಳಗಳನ್ನು ನಡೆಸುವವರಿಗಾಗಿ ಈ ಪುಟ. ಹೀಬ್ರೂ ಓದಲು ಬರದವರೂ ಇಲ್ಲಿಂದ ಶುರು ಮಾಡಬಹುದು.

ಮೊದಲ ಪ್ರಯತ್ನಕ್ಕೆ ಯಾವ ಕೀರ್ತನೆ ಒಳ್ಳೆಯದು?

ಚಿಕ್ಕದನ್ನು ಆರಿಸಿಕೊಳ್ಳಿ. 117ನೆಯದು ಎರಡೇ ವಚನ (ಬೈಬಲ್ಲಿನಲ್ಲಿ ಸಂಖ್ಯೆ ಹಾಕಿದ ಸಾಲು), ಹೀಬ್ರೂನಲ್ಲಿ 17 ಪದ. 133ರಲ್ಲಿ ಮೂರು ವಚನ, 150ರಲ್ಲಿ ಆರು, 121ರಲ್ಲಿ ಎಂಟು. ಮೇಳವಿದ್ದರೆ 136 ಬಲು ಅನುಕೂಲ: ಅದರ 26 ವಚನಗಳೂ ‘ಕೀ ಲೆಓಲಾಮ್ ಖ಼ಸ್ದೋ’ (ಆತನ ಕೃಪೆ ಶಾಶ್ವತ) ಎಂಬ ಒಂದೇ ಪಲ್ಲವಿಯಲ್ಲಿ ಮುಗಿಯುತ್ತವೆ. ಒಬ್ಬರು ಸಾಲು ಹಾಡಿ ಉಳಿದವರು ಪಲ್ಲವಿ ಹಿಡಿದರೆ ಅರ್ಧ ಕೆಲಸ ಮುಗಿಯಿತು.

ಉದ್ದದ ಅಂದಾಜು ಹೀಗೆ. ಒತ್ತು (ಉಸಿರಿನ ಬಲ) ಬೀಳುವ ಪ್ರತಿ ಪದಕ್ಕೆ ಮೂರು ಎಣಿಕೆಯ ಒಂದು ಆವರ್ತ, ನಿಮಿಷಕ್ಕೆ 90 ಎಣಿಕೆಯ ವೇಗ, ಪ್ರತಿ ಅರ್ಧ ವಚನದ ಕೊನೆಗೆ ಒಂದು ಆವರ್ತದ ಬಿಡುವು ಎಂದಿಟ್ಟುಕೊಂಡರೆ 121ನೆಯ ಕೀರ್ತನೆ ಎರಡು ನಿಮಿಷಕ್ಕೆ ತುಸು ಮೇಲೆ ಹೋಗುತ್ತದೆ. ಇದೇ ಲೆಕ್ಕದಲ್ಲಿ 176 ವಚನಗಳ 119ನೆಯದು ಮುಕ್ಕಾಲು ಗಂಟೆ ದಾಟುತ್ತದೆ. ಅದು 22 ಅಕ್ಷರಗಳಿಗೆ ಎಂಟೆಂಟು ವಚನಗಳಂತೆ ಕಟ್ಟಿದ ಪದ್ಯ. ಒಂದು ಅಕ್ಷರದ ಎಂಟು ವಚನಗಳನ್ನಷ್ಟೇ ತೆಗೆದುಕೊಂಡರೆ ಹಾಡಿನ ಅಳತೆಗೆ ಬರುತ್ತದೆ.

ಆರಿಸುವ ಮುನ್ನ ಕೀರ್ತನೆಯನ್ನು ಕೊನೆಯ ವಚನದವರೆಗೂ ಕನ್ನಡದಲ್ಲಿ ಓದಿಕೊಳ್ಳಿ. ಬಾಬೆಲಿನ ನದಿಗಳ ದಡದಲ್ಲಿ ಕೂತು ಅತ್ತ 137ನೆಯ ಕೀರ್ತನೆಯನ್ನು ಅದರ ಆರಂಭ ನೋಡಿ ಆರಿಸುವವರು ಬಹಳ. ಅದರ ಕೊನೆಯ ಎರಡು ವಚನಗಳು ಸೇಡಿನ ಭೀಕರ ಮಾತುಗಳು. ಹಾಡುತ್ತೀರೋ, ಆರನೆಯ ವಚನಕ್ಕೆ ನಿಲ್ಲಿಸುತ್ತೀರೋ ಎಂಬುದನ್ನು ರಾಗ ಹಾಕುವ ಮೊದಲೇ ತೀರ್ಮಾನಿಸಬೇಕು.

ಯಾವ ಪಠ್ಯ ಬಳಸಬೇಕು? ವಚನದ ಸಂಖ್ಯೆಗಳು ಏಕೆ ತಾಳೆಯಾಗುವುದಿಲ್ಲ?

ಸ್ವರಚಿಹ್ನೆ ಇರುವ ಮಸೋರೆಟಿಕ್ ಪಠ್ಯವನ್ನೇ, ಎಂದರೆ ಮಧ್ಯಯುಗದ ಯಹೂದಿ ಪಂಡಿತರು ಸ್ವರ ಮತ್ತು ಪಠಣದ ಗುರುತು ಹಾಕಿ ಉಳಿಸಿದ ಪಠ್ಯವನ್ನೇ ಬಳಸಿ. ಇದರ ಪೂರ್ಣ ಹಸ್ತಪ್ರತಿಗಳಲ್ಲಿ ಅತ್ಯಂತ ಹಳೆಯದು ಸುಮಾರು 1008ರ ಲೆನಿನ್‌ಗ್ರಾಡ್ ಪ್ರತಿ. ಇಂದಿನ ಹೆಚ್ಚಿನ ವಿದ್ವತ್ ಮುದ್ರಣಗಳು ಅದನ್ನೇ ಆಧರಿಸಿವೆ; ಅದರ ಡಿಜಿಟಲ್ ಪಠ್ಯ ಉಚಿತವಾಗಿ ಸಿಗುತ್ತದೆ. ಇಸ್ರೇಲಿನ ಪತ್ರಿಕೆಗಳಂತೆ ಬರೀ ವ್ಯಂಜನ ಬರೆದ ಪಠ್ಯದಿಂದ ಕೆಲಸ ಮಾಡಬೇಡಿ. ಸ್ವರ ಊಹಿಸುವುದು ಭಾಷೆ ಬಲ್ಲವರಿಗಷ್ಟೇ ಸಾಧ್ಯ.

ಹೀಬ್ರೂ ಪಠ್ಯದಲ್ಲಿ ಕೀರ್ತನೆಯ ತಲೆಬರಹವೂ ಸಾಮಾನ್ಯವಾಗಿ ವಚನದ ಎಣಿಕೆಗೆ ಸೇರುತ್ತದೆ. 51ನೆಯ ಕೀರ್ತನೆಯಲ್ಲಿ ತಲೆಬರಹಕ್ಕೇ ಎರಡು ವಚನ ಹೋಗುತ್ತವೆ. ಕನ್ನಡ ಬೈಬಲ್ಲಿನ ಮೊದಲನೆಯದು ಅಲ್ಲಿ ಮೂರನೆಯದು. ಹಳೆಯ ಲ್ಯಾಟಿನ್ ಎಣಿಕೆಯಲ್ಲಿ ಹೆಚ್ಚಿನ ಕೀರ್ತನೆಗಳು ಒಂದು ಸಂಖ್ಯೆ ಹಿಂದೆ ಬೀಳುತ್ತವೆ: ಕುರುಬನ ಕೀರ್ತನೆ ನಮಗೆ 23, ಅಲ್ಲಿ 22. ಮೇಳದ ಎಲ್ಲರ ಕೈಗೂ ಒಂದೇ ಮುದ್ರಣ ಕೊಡಿ.

ಅಂಚಿನಲ್ಲಿ ‘ಕೆರೇ’ ಎಂದು ಬೇರೆ ಓದು ಕೊಟ್ಟಿದ್ದರೆ ಅದನ್ನೇ ಹಾಡಬೇಕು, ಒಳಗೆ ಬರೆದದ್ದನ್ನಲ್ಲ.

ಈ ಪದ್ಯಗಳಿಗೆ ಛಂದಸ್ಸು ಇದೆಯೇ?

ಮಾತ್ರೆ, ಗಣ, ಪ್ರಾಸಗಳ ಲೆಕ್ಕ ಹಿಡಿದು ಹೋದರೆ ಏನೂ ಸಿಗುವುದಿಲ್ಲ. ಇಲ್ಲಿ ಪದ್ಯವನ್ನು ಹಿಡಿದಿಡುವುದು ಎರಡು. ಒಂದು, ಸಾಲಿನ ಮೊದಲ ಅರ್ಧ ಹೇಳಿದ್ದನ್ನು ಎರಡನೆಯ ಅರ್ಧ ಬೇರೆ ಮಾತಿನಲ್ಲಿ ಮತ್ತೆ ಹೇಳುವುದು, ಮುಂದುವರಿಸುವುದು ಅಥವಾ ಎದುರಿಡುವುದು. 1753ರಲ್ಲಿ ಇಂಗ್ಲೆಂಡಿನ ವಿದ್ವಾಂಸ ರಾಬರ್ಟ್ ಲೌತ್ ಇದನ್ನು ವಿವರವಾಗಿ ಬರೆದ ಮೇಲೆ ಯುರೋಪಿನ ವಿದ್ವಾಂಸರು ಇದನ್ನೇ ಹೀಬ್ರೂ ಕಾವ್ಯದ ಮುಖ್ಯ ಲಕ್ಷಣವೆಂದು ಕಂಡರು. ಇನ್ನೊಂದು, ಪ್ರತಿ ಅರ್ಧದಲ್ಲಿ ಬರುವ ಒತ್ತುಗಳ ಎಣಿಕೆ: ಸಾಮಾನ್ಯವಾಗಿ ಮೂರು-ಮೂರು, ಕೆಲವೆಡೆ ಮೂರು-ಎರಡು.

ಶರಣರ ವಚನಗಳಿಗೆ ರಾಗ ಹಾಕಿದವರಿಗೆ ಈ ಕಷ್ಟ ಹೊಸದಲ್ಲ. ಸಾಲುಗಳು ಸಮವಲ್ಲ, ಆದರೂ ಒಳಗೆ ಬಡಿತವಿದೆ. ಆ ಬಡಿತವನ್ನು ಕೇಳಿಸಿಕೊಂಡು ತಾಳ ಆರಿಸಬೇಕು. ತಾಳ ಮೊದಲೇ ಇಟ್ಟುಕೊಂಡು ಮಾತನ್ನು ಅದರೊಳಕ್ಕೆ ತುರುಕಬಾರದು. ತಾಳವೇ ಬೇಡವೆಂದರೆ ದಾಸರ ಉಗಾಭೋಗದ ದಾರಿ ಇದೆ: ಒಂದೇ ಸ್ವರದ ಮೇಲೆ ಮಾತು ನಡೆಸಿ, ಅರ್ಧದ ಕೊನೆಗೆ ಮಾತ್ರ ಚಲನೆ ಕೊಡುವುದು. ಹಲವು ಯಹೂದಿ ಸಮುದಾಯಗಳ ಕೀರ್ತನೆ ಪಠಣವೂ ಸ್ಥೂಲವಾಗಿ ಇದೇ ಬಗೆಯದು.

ಇಪ್ಪತ್ತನೆಯ ಶತಮಾನದ ಎರಡು ಕೃತಿಗಳು ಈ ಪ್ರಶ್ನೆಗೆ ಎರಡು ಉತ್ತರ ಕೊಟ್ಟಿವೆ. ಅಮೆರಿಕದ ಸಂಯೋಜಕ ಲೆನರ್ಡ್ ಬರ್ನ್‌ಸ್ಟೈನ್ 1965ರ ‘ಚಿಚೆಸ್ಟರ್ ಸಾಮ್ಸ್’ನಲ್ಲಿ 100ನೆಯ ಕೀರ್ತನೆಯನ್ನು ಏಳು ಎಣಿಕೆಯಲ್ಲಿ ಕುಣಿಸಿದರು. ಮಿಶ್ರಛಾಪು ಎಣಿಸಿ ಬಲ್ಲವರಿಗೆ ಅದು ಸಲೀಸು. ಅಲ್ಲಿಯವರೇ ಆದ ಸ್ಟೀವ್ ರೈಕ್ 1981ರ ‘ತೆಹಿಲ್ಲೀಮ್’ನಲ್ಲಿ ನಿಶ್ಚಿತ ತಾಳವನ್ನೇ ಬಿಟ್ಟು, ಎರಡು ಮತ್ತು ಮೂರರ ಗುಂಪುಗಳನ್ನು ಪದ ಹೋದಂತೆ ಬದಲಿಸಿದರು. ಹೊಸಬರಿಗೆ ನಮ್ಮ ಸಲಹೆ ಎರಡನೆಯ ದಾರಿ. ಬರೆಯುವುದು ಕಷ್ಟ, ಆದರೆ ಮಾತು ಕೆಡುವುದಿಲ್ಲ.

ಒತ್ತು ಅಷ್ಟೊಂದು ಮುಖ್ಯವೇ?

ಎಲ್ಲಕ್ಕಿಂತ ಮುಖ್ಯ. ಇಲ್ಲಿ ಒತ್ತು ಎಂದರೆ ಒತ್ತಕ್ಷರವಲ್ಲ, ಒಂದು ಉಚ್ಚಾರಾಂಶದ ಮೇಲೆ ಬೀಳುವ ಉಸಿರಿನ ಬಲ. ಕನ್ನಡದಲ್ಲಿ ಅದು ಅರ್ಥ ಬದಲಿಸುವುದಿಲ್ಲ. ನಮಗೆ ಹ್ರಸ್ವ-ದೀರ್ಘವೇ ಮುಖ್ಯ. ಹೀಬ್ರೂನಲ್ಲಿ ಬದಲಿಸುತ್ತದೆ. ‘ಬಾನು’ ಎಂದು ಮೊದಲಂಶ ಒತ್ತಿದರೆ ‘ನಮ್ಮಲ್ಲಿ’; ‘ಬನೂ’ ಎಂದು ಕೊನೆಯದನ್ನು ಒತ್ತಿದರೆ ‘ಕಟ್ಟಿದರು’. ‘ಶಾವು’ ಎಂದರೆ ‘ಹಿಂತಿರುಗಿದರು’. ‘ಶವೂ’ ಎಂದರೆ ‘ಸೆರೆ ಹಿಡಿದರು’.

ಹಾಡುಗಳಲ್ಲಿ ಅತಿ ಹೆಚ್ಚು ಕೆಟ್ಟಿರುವ ಪದ ಧರ್ಮೋಪದೇಶಕಾಂಡ 6:5ರ ‘ವೆಅಹವ್‌ತಾ’. ಒತ್ತು ಕೊನೆಗೆ ಬಿದ್ದರೆ ‘ನೀನು ಪ್ರೀತಿಸಬೇಕು’. ರಾಗದ ಓಘದಲ್ಲಿ ‘ವೆಅಹಾವ್‌ತ’ ಎಂದು ನಡುವೆ ಒತ್ತಿದರೆ ‘ನೀನು ಪ್ರೀತಿಸಿದೆ’ ಎಂದಾಗಿ, ಆಜ್ಞೆ ಹೋಗಿ ಹಿಂದಿನ ಕಥೆ ಉಳಿಯುತ್ತದೆ.

ಸಾಮಾನ್ಯ ನಿಯಮ ಸರಳ: ಹೆಚ್ಚಿನ ಪದಗಳಿಗೆ ಒತ್ತು ಕೊನೆಯ ಅಂಶದ ಮೇಲೆ, ಕೆಲವಕ್ಕೆ ಕೊನೆಯಿಂದ ಎರಡನೆಯದರ ಮೇಲೆ. ‘ಮೇಲೆಖ಼್’ (ಅರಸ), ‘ಎಲೊಹೇನು’ (ನಮ್ಮ ದೇವರು), ‘ಯೆರುಶಲಾಯಿಮ್’ ಎರಡನೆಯ ಗುಂಪಿನವು. ಊಹಿಸಬೇಡಿ, ಪಠ್ಯದಲ್ಲಿರುವ ‘ತೆಅಮೀಮ್’ ಎಂಬ ಪಠಣದ ಗುರುತುಗಳು ಹೆಚ್ಚಿನ ಪದಗಳಲ್ಲಿ ಒತ್ತಿರುವ ಅಂಶದ ಮೇಲೋ ಕೆಳಗೋ ಕೂತಿರುತ್ತವೆ. ಅಡ್ಡಗೆರೆಯಿಂದ ಕೂಡಿಸಿದ ಪದಗಳಿಗೆ ಎಲ್ಲ ಸೇರಿ ಒಂದೇ ಮುಖ್ಯ ಒತ್ತು.

ವಚನದ ನಡುವೆ ಮತ್ತು ಕೊನೆಯಲ್ಲಿ ಕೆಲವು ಪದಗಳ ಸ್ವರವೇ ಬದಲಾಗುತ್ತದೆ: ‘ಎರೆತ್ಸ್’ (ಭೂಮಿ) ಅಲ್ಲಿ ‘ಆರೆತ್ಸ್’ ಆಗುತ್ತದೆ. ಅದು ಅಚ್ಚಿನ ತಪ್ಪಲ್ಲ, ತಿದ್ದಬೇಡಿ. ಸಾಲು ಇಲ್ಲಿ ನಿಲ್ಲುತ್ತದೆ ಎಂದು ಪಠ್ಯವೇ ಹೇಳುವ ಬಗೆ ಅದು. ನಿಮ್ಮ ರಾಗದ ನಿಲುಗಡೆಯೂ ಅಲ್ಲೇ ಬಂದರೆ ಕೇಳಲು ಹಿತ.

ಕನ್ನಡ ಲಿಪಿಯಲ್ಲಿ ಹೇಗೆ ಬರೆದುಕೊಳ್ಳುವುದು?

ಇಂದಿನ ಇಸ್ರೇಲಿ ಉಚ್ಚಾರದಲ್ಲಿ ಹ್ರಸ್ವ-ದೀರ್ಘದ ಭೇದ ಅರ್ಥ ಬದಲಿಸುವುದಿಲ್ಲ. ಹಾಗಾಗಿ ನಮ್ಮ ದೀರ್ಘದ ಗುರುತು ಬಿಡುವಾಗಿದೆ; ಅದನ್ನು ಒತ್ತು ತೋರಿಸಲು ಬಳಸಿಕೊಳ್ಳಿ. ಪ್ರತಿ ಪದದಲ್ಲಿ ಒಂದೇ ದೀರ್ಘ, ಅದು ಒತ್ತು ಇರುವ ಕಡೆ. 121ನೆಯ ಕೀರ್ತನೆಯ ಆರಂಭ ಹೀಗಾಗುತ್ತದೆ:

ಎಸ್ಸಾ ಎನಾಯ್ ಎಲ್ ಹೆಹರೀಮ್ / ಮೆಆಯಿನ್ ಯವೋ ಎಜ಼್ರೀ

‘ಬೆಟ್ಟಗಳ ಕಡೆ ಕಣ್ಣೆತ್ತುತ್ತೇನೆ; ನನ್ನ ಸಹಾಯ ಎಲ್ಲಿಂದ ಬಂದೀತು?’ ಎಂದು ಅರ್ಥ. ನಾಲ್ಕನೆಯ ವಚನ:

ಹಿನ್ನೇ ಲೋ ಯನೂಮ್ ವೆಲೋ ಯಿಶಾನ್ / ಶೊಮೇರ್ ಯಿಸ್ರಏಲ್

‘ಇಗೋ, ಇಸ್ರಾಯೇಲನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ.’

ಕನ್ನಡಿಗರ ನಾಲಿಗೆಗೆ ಎಡವುವ ಸದ್ದುಗಳು ಯಾವುವು?

ಮೊದಲನೆಯದು ಪದದ ಕೊನೆಯ ವ್ಯಂಜನ. ನಮಗೆ ಅದರ ಹಿಂದೆ ಒಂದು ‘ಉ’ ಸೇರಿಸುವ ರೂಢಿ. ‘ಶಲೋಮ್’ ಹೋಗಿ ‘ಶಲೋಮು’ ಆಗುತ್ತದೆ. ಇದರಿಂದ ಪದಕ್ಕೆ ಒಂದು ಅಂಶ ಹೆಚ್ಚಾಗಿ, ಕೊನೆಯಲ್ಲಿದ್ದ ಒತ್ತು ನಡುವಿಗೆ ಬಂದಂತೆ ಕೇಳಿಸುತ್ತದೆ. ಮೇಳದಲ್ಲಿ ಮ್, ನ್, ಲ್ ಎಲ್ಲಿ ಮುಚ್ಚಬೇಕೆಂದು ಎಣಿಕೆಯನ್ನೇ ಬರೆದುಕೊಡಿ: ‘ಮೂರನೆಯ ಎಣಿಕೆಗೆ ತುಟಿ ಮುಚ್ಚಿ’ ಎಂಬಷ್ಟು ಖಚಿತವಾಗಿ.

ಖ಼ ಎಂದು ನಾವು ಬರೆದಿರುವುದು ‘ಖಡ್ಗ’ದ ಖ ಅಲ್ಲ. ಗಂಟಲು ಸವರಿಕೊಳ್ಳುವಾಗ ಬರುವ, ಉಸಿರು ಉಜ್ಜಿಕೊಂಡು ಹೋಗುವ ಸದ್ದು. ಬಾರದಿದ್ದರೆ ಗಟ್ಟಿ ‘ಹ’ ಹೇಳಿ, ‘ಖ’ ಹೇಳಬೇಡಿ. ಧ್ವನಿಮುದ್ರಣದಲ್ಲಿ ಇದು ಮೈಕಿಗೆ ಕೆರೆದಂತೆ ಕೇಳುವುದರಿಂದ ಬಾಯಿ ಮತ್ತು ಮೈಕಿನ ನಡುವೆ ಒಂದು ಗೇಣಿನಷ್ಟು ಅಂತರವಿಟ್ಟು, ಮುಖ ಸ್ವಲ್ಪ ಓರೆ ಮಾಡಿದರೆ ಸಾಕು.

‘ತ್ಸ’ವನ್ನು ‘ಉತ್ಸವ’ದಲ್ಲಿ ಹೇಳುವಂತೆಯೇ ಹೇಳಿ. ತ, ದ ದಂತ್ಯವಾಗಿರಲಿ. ಟ, ಡ ಬೇಡ. ನಮ್ಮ ರ ಧಾರಾಳವಾಗಿ ನಡೆಯುತ್ತದೆ, ಇಸ್ರೇಲಿನ ಹಳೆಯ ರೇಡಿಯೋ ಮತ್ತು ರಂಗಭೂಮಿಯ ಶಿಷ್ಟ ಉಚ್ಚಾರದಲ್ಲೂ ನಾಲಿಗೆ ತುದಿಯ ರ-ಕಾರವೇ ಇತ್ತು.

‘ವೆ’, ‘ಲೆ’, ‘ಬೆ’ ಮುಂತಾಗಿ ಪದದ ಮುಂದೆ ಅಂಟುವ ಚಿಕ್ಕ ಅಂಶಗಳ ಮೇಲೆ ಉದ್ದ ಸ್ವರವಾಗಲಿ ಗಮಕವಾಗಲಿ ಬೇಡ. ಆಲಾಪದ ಅಭ್ಯಾಸವಿರುವವರು ಇಲ್ಲೇ ಹೆಚ್ಚು ತಪ್ಪುತ್ತಾರೆ.

ಕೆಲಸವನ್ನು ಯಾವ ಕ್ರಮದಲ್ಲಿ ಮಾಡುವುದು?

ಮೇಲಿನ ಎರಡು ವಚನಗಳನ್ನೇ ಇಟ್ಟುಕೊಳ್ಳೋಣ. ಮೊದಲು ಮಾತನ್ನು ರಾಗವಿಲ್ಲದೆ ಗಟ್ಟಿಯಾಗಿ ಇಪ್ಪತ್ತು ಸಲ ಓದಿ, ಕೊನೆಯ ಐದನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಹೀಬ್ರೂ ಬಲ್ಲ ಒಬ್ಬರಿಗೆ ಅದನ್ನು ಕಳಿಸಿ ತಿದ್ದಿಸಿಕೊಳ್ಳಬೇಕಾದದ್ದು ಈ ಹಂತದಲ್ಲಿ, ಹಾಡು ಮುಗಿದ ಮೇಲಲ್ಲ. ರಾಗ ಕೂತ ಮೇಲೆ ಒತ್ತು ತಿದ್ದುವುದೆಂದರೆ ರಾಗವನ್ನೇ ಒಡೆಯುವುದು.

ಆಮೇಲೆ ಒತ್ತು ಬಂದಲ್ಲೆಲ್ಲ ಚಪ್ಪಾಳೆ ತಟ್ಟಿ. ಮೊದಲ ವಚನದಲ್ಲಿ ಸಾ, ನಾಯ್, ರೀಮ್, ಮುಂದೆ ಆ, ವೋ, ರೀ: ಮೂರು ಮತ್ತು ಮೂರು. ನಾಲ್ಕನೆಯದರಲ್ಲಿ ‘ಲೋ’ಗಳನ್ನು ಮುಂದಿನ ಪದಕ್ಕೆ ಸೇರಿಸಿಕೊಂಡರೆ ನ್ನೇ, ನೂಮ್, ಶಾನ್, ಮೇರ್, ಏಲ್: ಮೂರು ಮತ್ತು ಎರಡು. ಎರಡೂ ಒಂದೇ ರಾಗಕ್ಕೆ ಕೂರಬೇಕೆಂದು ಹಠ ಹಿಡಿದಾಗ ‘ಯಿಸ್ರಏಲ್’ ಪದವನ್ನು ಎಳೆದು ಮೂರನೆಯ ಒತ್ತು ಹುಟ್ಟಿಸುವುದು ಸಾಮಾನ್ಯ ತಪ್ಪು. ಅಲ್ಲಿ ಮೂರನೆಯ ಬಡಿತವನ್ನು ವಾದ್ಯಕ್ಕೆ ಬಿಡಿ. ಕಾಯುವವನು ಎಚ್ಚರವಿದ್ದಾನೆ ಎಂಬ ಮಾತಿನ ನಂತರದ ಆ ಮೌನ ಬಹಳ ಚೆನ್ನಾಗಿ ಕೇಳುತ್ತದೆ.

ಒತ್ತು ಪದದ ಕೊನೆಗೆ ಬರುವುದರಿಂದ ಎತ್ತುಗಡೆ ಸಾಮಾನ್ಯವಾಗಿ ಸಮಕ್ಕಿಂತ ಮೊದಲೇ ಬರಬೇಕು. ‘ಎಸ್’ ಸಮದ ಹಿಂದೆ, ‘ಸಾ’ ಸಮದ ಮೇಲೆ. ಸಮದ ಮೇಲೇ ‘ಎಸ್’ ಇಟ್ಟು ಶುರು ಮಾಡಿದಿರೋ, ಇಡೀ ಸಾಲಿನ ಒತ್ತುಗಳು ಒಂದೊಂದು ಹೆಜ್ಜೆ ತಪ್ಪುತ್ತವೆ. ಹೊಸಬರ ಕೆಲಸದಲ್ಲಿ ಕಾಣುವ ತಪ್ಪುಗಳಲ್ಲಿ ದೊಡ್ಡ ಪಾಲು ಇದೊಂದರಿಂದಲೇ.

ಲಯ ಕೂತ ಮೇಲೆಯೇ ರಾಗ. ಒತ್ತಿರುವ ಅಂಶ ಮೇಲಿನ ಸ್ವರದಲ್ಲೋ ಉದ್ದದ ಸ್ವರದಲ್ಲೋ ಬರಲಿ. ‘ಹೆಹರೀಮ್’ ನಂತರ ಅರ್ಧ ನಿಲುಗಡೆ ಇರಲಿ; ‘ಎಜ಼್ರೀ’ ನಂತರ ಪೂರ್ತಿ ನಿಲುಗಡೆ ಬೇಡ: ಮೊದಲ ವಚನ ಪ್ರಶ್ನೆ, ಉತ್ತರ ಎರಡನೆಯದರಲ್ಲಿದೆ. ಷಡ್ಜಕ್ಕೆ ಬಂದು ಕೂರುವುದನ್ನು ಎರಡನೆಯ ವಚನದ ಕೊನೆಯವರೆಗೆ ತಡೆಹಿಡಿಯಿರಿ.

ಮಾತುಗಳನ್ನು ಮತ್ತೆ ಮತ್ತೆ ಹಾಡಬಹುದೇ? ಬಿಡಬಹುದೇ?

ಕಛೇರಿಯಲ್ಲಿ ಹಾಡಬಹುದು, ಆದರೆ ಅರ್ಧ ವಚನವನ್ನು ಇಡಿಯಾಗಿ ಹಾಡಿ, ಮುರಿಯಬೇಡಿ. ಮೇಲಿನ ಸಾಲಿನಲ್ಲಿ ‘ಲೋ’ ಬಿಟ್ಟು ‘ಯನೂಮ್, ಶೊಮೇರ್ ಯಿಸ್ರಏಲ್’ ಎಂದು ಎಳೆದಾಡಿದರೆ ‘ಕಾಯುವವನು ತೂಕಡಿಸುತ್ತಾನೆ’ ಎಂದಾಗುತ್ತದೆ. ಹಿನ್ನೆಲೆ ಧ್ವನಿಗಳಿಗೆ ತುಣುಕು ಹಂಚುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಸಿನಗಾಗಿನ (ಯಹೂದಿ ಪ್ರಾರ್ಥನಾ ಮಂದಿರದ) ಪ್ರಾರ್ಥನೆಯಲ್ಲಾದರೆ ಪದ ಪುನರಾವರ್ತನೆಯನ್ನೇ ಒಪ್ಪದ ಸಮುದಾಯಗಳಿವೆ, ಮೊದಲೇ ಕೇಳಿ.

ಪಠ್ಯದ ‘ತೆಅಮೀಮ್’ ಸ್ವರಲಿಪಿಯಲ್ಲವೇ? ಅದನ್ನೇ ಹಾಡಬಹುದಲ್ಲ?

ಅವು ಒತ್ತು ತೋರಿಸುತ್ತವೆ, ಸಾಲು ಎಲ್ಲಿ ಒಡೆಯುತ್ತದೆಂದು ಹೇಳುತ್ತವೆ, ಪಠಣದ ಧಾಟಿಯನ್ನೂ ಸೂಚಿಸುತ್ತವೆ. ಆದರೆ ಯಾವ ಗುರುತಿಗೆ ಯಾವ ಧಾಟಿ ಎಂಬುದು ಬಾಯಿಂದ ಬಾಯಿಗೆ ಬಂದದ್ದು, ಸಮುದಾಯದಿಂದ ಸಮುದಾಯಕ್ಕೆ ಬೇರೆ. ಕೀರ್ತನೆ, ಜ್ಞಾನೋಕ್ತಿ, ಯೋಬ ಈ ಮೂರು ಗ್ರಂಥಗಳಿಗೆ ಬೇರೆಯೇ ಗುರುತುಗಳ ವ್ಯವಸ್ಥೆಯಿದೆ. ಅದನ್ನು ಹಾಡುವ ಪರಂಪರೆ ಪಾಶ್ಚಾತ್ಯ ಯಹೂದಿಗಳಲ್ಲಿ ಕಳೆದುಹೋಗಿದೆ. ರೈಕ್ ಕೀರ್ತನೆಗಳನ್ನು ಆರಿಸಿಕೊಂಡದ್ದಕ್ಕೆ ಇದೂ ಕಾರಣ: ಅನುಕರಿಸಬೇಕಾದ ಅಥವಾ ಕಡೆಗಣಿಸಬೇಕಾದ ಧಾಟಿ ಎದುರಿಗಿರಲಿಲ್ಲ. 1970ರ ದಶಕದಲ್ಲಿ ಫ್ರಾನ್ಸಿನ ಸುಝಾನ್ ಹೈಕ್-ವಾಂತೂರಾ ಈ ಗುರುತುಗಳಿಗೆ ನಿಶ್ಚಿತ ಸ್ವರಗಳನ್ನು ಕೊಟ್ಟು ‘ಮೂಲ ಸಂಗೀತ’ವೆಂದು ಮಂಡಿಸಿದರು. ಹೆಚ್ಚಿನ ವಿದ್ವಾಂಸರು ಒಪ್ಪಿಲ್ಲ. ಅದರಿಂದ ಸ್ಫೂರ್ತಿ ಪಡೆಯಬಹುದು. ‘ದಾವೀದನ ರಾಗ’ ಎಂದು ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚು ಹಾಕಬೇಡಿ.

ಯಹೂದಿ ಪ್ರಾರ್ಥನಾ ಧಾಟಿಗಳಿಗೆ ಹತ್ತಿರದ ರಾಗಗಳು ನಮ್ಮಲ್ಲಿವೆಯೇ?

ಸ್ವರಗಳ ಮಟ್ಟಿಗೆ ಇವೆ. ಪೂರ್ವ ಯುರೋಪಿನ ಯಹೂದಿಗಳ ‘ಅಹವಾ ರಬ್ಬಾ’ ಧಾಟಿಯ ಸ್ವರಗಳು 14ನೆಯ ಮೇಳವಾದ ವಕುಳಾಭರಣದವು, ಹಿಂದುಸ್ತಾನಿಯಲ್ಲಿ ಬಸಂತ್ ಮುಖಾರಿಯವು. ‘ಮಗೇನ್ ಅವೋತ್’ 20ನೆಯ ನಟಭೈರವಿಗೆ, ‘ಅದೊನಾಯ್ ಮಲಾಖ಼್’ ಸ್ಥೂಲವಾಗಿ 28ನೆಯ ಹರಿಕಾಂಭೋಜಿಗೆ ಹತ್ತಿರ. ‘ಮಿ ಶೆಬೆರಾಖ಼್’ ಎಂಬ ಧಾಟಿಯ ಸ್ವರಗಳು 58ನೆಯ ಹೇಮವತಿಯವು. ಆದರೆ ಸ್ವರ ಒಂದೇ ಎಂದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ. ಆ ಧಾಟಿಗಳನ್ನು ಗುರುತಿಸುವುದು ಅವುಗಳದ್ದೇ ಪದಗುಚ್ಛಗಳಿಂದ ಮತ್ತು ನಿಲುಗಡೆಗಳಿಂದ. ವಕುಳಾಭರಣದ ಗಮಕ ಹಾಕಿದರೆ ಅದು ವಕುಳಾಭರಣವಾಗಿಯೇ ಕೇಳುತ್ತದೆ. ಅದೂ ಚೆಂದವೇ, ಹೆಸರು ಮಾತ್ರ ಸರಿಯಾಗಿ ಹೇಳಿ.

‘ಸೆಲಾ’ ಬಂದಾಗ ಏನು ಮಾಡುವುದು?

ಕೀರ್ತನೆಗಳಲ್ಲಿ ಇದು 71 ಸಲ ಬರುತ್ತದೆ. ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಂಗೀತದ ಸೂಚನೆಯಿರಬೇಕೆಂಬುದು ಪ್ರಬಲ ಊಹೆ. ಹಾಡಿದರೆ ತಪ್ಪಿಲ್ಲ. ಹಾಡದೆ ಎಂಟು ಎಣಿಕೆ ವಾದ್ಯಕ್ಕೆ ಬಿಟ್ಟರೆ ಇನ್ನೂ ಸೊಗಸು.

ದೇವರ ಹೆಸರನ್ನು ಹೇಗೆ ಹಾಡಬೇಕು?

ನಾಲ್ಕು ವ್ಯಂಜನಗಳ ಆ ಹೆಸರು ಬಂದಲ್ಲೆಲ್ಲ ‘ಅದೊನಾಯ್’ ಎಂದು ಹಾಡಿ. ಯಹೂದಿಗಳು ಅದನ್ನು ಬರೆದಂತೆ ಉಚ್ಚರಿಸುವುದಿಲ್ಲ. ಕನ್ನಡದ ಪ್ರಾಟೆಸ್ಟೆಂಟ್ ಬೈಬಲ್ಲಿನ ‘ಯೆಹೋವ’ ಹುಟ್ಟಿದ್ದು ಆ ವ್ಯಂಜನಗಳಿಗೆ ‘ಅದೊನಾಯ್’ ಪದದ ಸ್ವರಗಳನ್ನು ಕೂಡಿಸಿ ಓದಿದ್ದರಿಂದ. ಹೀಬ್ರೂ ಹಾಡಿನೊಳಗೆ ಅದನ್ನು ತರಬೇಡಿ. ‘ಯಾಹ್ವೆ’ ಕೂಡ ಬೇಡ. ಕ್ಯಾಥೊಲಿಕ್ ಆರಾಧನೆಯ ಹಾಡುಗಳಲ್ಲಿ ಅದನ್ನು ಬಳಸಬಾರದೆಂದು ವ್ಯಾಟಿಕನ್ 2008ರಲ್ಲಿ ಸೂಚಿಸಿದೆ. ಶ್ರದ್ಧಾವಂತ ಯಹೂದಿ ಗಾಯಕರು ಅಭ್ಯಾಸದ ವೇಳೆ ‘ಹಶೇಮ್’ (ಆ ಹೆಸರು) ಎಂದು ಹಾಡುವುದುಂಟು. ಅದರಲ್ಲಿ ಎರಡೇ ಅಂಶ, ‘ಅದೊನಾಯ್’ನಲ್ಲಿ ಮೂರು, ಅಭ್ಯಾಸದ ಪ್ರತಿಯಲ್ಲಿ ಲಯವನ್ನು ಬೇರೆಯಾಗಿ ಬರೆದಿಟ್ಟರೆ ಗೊಂದಲ ತಪ್ಪುತ್ತದೆ.

ಸಂಗೀತ ಎಡದಿಂದ ಬಲಕ್ಕೆ, ಹೀಬ್ರೂ ಬಲದಿಂದ ಎಡಕ್ಕೆ. ಅಚ್ಚು ಮಾಡುವುದು ಹೇಗೆ?

ಇದು ನಾನ್ನೂರು ವರ್ಷದ ತಲೆನೋವು. ಇಟಲಿಯ ಮಾಂಟುವಾದ ಯಹೂದಿ ಸಂಯೋಜಕ ಸಾಲಮೋನೆ ರೋಸ್ಸಿಯ ಹೀಬ್ರೂ ಗೀತೆಗಳು 1620ರ ದಶಕದ ಆರಂಭದಲ್ಲಿ ವೆನಿಸ್‌ನಲ್ಲಿ ಅಚ್ಚಾದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಅವರು ಸಂಗೀತವನ್ನು ಎಡದಿಂದ ಬಲಕ್ಕೇ ಇಟ್ಟು, ಹೀಬ್ರೂ ಪದವನ್ನು ಒಡೆಯದೆ ಬಲದಿಂದ ಎಡಕ್ಕೆ ಅದರ ಕೆಳಗೆ ಕೂರಿಸಿದರು. ಇಂದು ಸ್ವರದ ಕೆಳಗೆ ಲಿಪ್ಯಂತರವನ್ನು ಅಂಶ ಅಂಶವಾಗಿ ಹಾಕಿ, ಪೂರ್ತಿ ಹೀಬ್ರೂ ಪಠ್ಯವನ್ನು ಅರ್ಥದೊಂದಿಗೆ ಬೇರೆ ಪುಟದಲ್ಲಿ ಕೊಡುವುದು ಲೇಸು. ಸಾಫ್ಟ್‌ವೇರಿನಲ್ಲಿ ಸ್ವರಚಿಹ್ನೆಗಳು ಅಕ್ಷರದಿಂದ ಸರಿದುಹೋಗುವುದು ಸಾಮಾನ್ಯ; ಎಸ್‌ಬಿಎಲ್ ಹೀಬ್ರೂ ಅಥವಾ ಎಜ಼್ರಾ ಎಸ್‌ಐಎಲ್ ಫಾಂಟ್ ಬಳಸಿ. ಪಿಡಿಎಫ್‌ನಿಂದ ನಕಲಿಸಬೇಡಿ, ಚಿಹ್ನೆಗಳ ಕ್ರಮ ಕೆಡುತ್ತದೆ.

ಹಳೆಯ ಧ್ವನಿಮುದ್ರಣದಲ್ಲಿ ‘ಶಬ್ಬೊಸ್’ ಎನ್ನುತ್ತಾರೆ, ನೀವು ‘ಶಬ್ಬಾತ್’ ಎನ್ನುತ್ತೀರಿ. ಯಾವುದು ಸರಿ?

ಎರಡೂ ಸರಿ, ಎರಡೂ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನ ಹೆಸರೇ. ಮೊದಲನೆಯದು ಅಶ್ಕೆನಾಜ಼ಿ (ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿಗಳ) ಉಚ್ಚಾರ, ಎರಡನೆಯದು ಸೆಫಾರ್ದಿ (ಮೂಲತಃ ಸ್ಪೇನ್, ಪೋರ್ಚುಗಲ್‌ ಕಡೆಯ ಯಹೂದಿಗಳ) ಮತ್ತು ಇಸ್ರೇಲಿ. ಆಸ್ಟ್ರಿಯಾದ ಸಂಯೋಜಕ ಶೂಬರ್ಟ್ 1828ರಲ್ಲಿ ವಿಯೆನ್ನಾದ ಸಿನಗಾಗಿನ ಮುಖ್ಯ ಗಾಯಕ ಸಲೊಮನ್ ಸುಲ್ಟ್ಸರ್‌ಗಾಗಿ 92ನೆಯ ಕೀರ್ತನೆಗೆ ಹೀಬ್ರೂನಲ್ಲೇ ಸಂಗೀತ ಬರೆದದ್ದು ಅಶ್ಕೆನಾಜ಼ಿ ಉಚ್ಚಾರಕ್ಕೆ. ಅಂಥ ಉಚ್ಚಾರಕ್ಕೆ ಹೆಣೆದ ರಾಗಕ್ಕೆ ಇಸ್ರೇಲಿ ಉಚ್ಚಾರ ತುಂಬಿದರೆ ಬರೀ ಸ್ ಹೋಗಿ ತ್ ಬರುವುದಲ್ಲ, ಒತ್ತೂ ಜಾಗ ಬದಲಿಸುತ್ತದೆ. ಅಶ್ಕೆನಾಜ಼ಿ ರೂಢಿಯಲ್ಲಿ ಒತ್ತು ಹೆಚ್ಚಾಗಿ ಕೊನೆಯ ಅಂಶದಿಂದ ಅದಕ್ಕಿಂತ ಮೊದಲಿನ ಅಂಶಕ್ಕೆ ಸರಿದಿರುತ್ತದೆ. ಒಂದು ಹಾಡಿಗೆ ಒಂದೇ ಉಚ್ಚಾರ ಇಟ್ಟುಕೊಳ್ಳಿ.

ಹಕ್ಕುಸ್ವಾಮ್ಯ?

ಪ್ರಾಚೀನ ಪಠ್ಯಕ್ಕೆ ಇಲ್ಲ. ಇತ್ತೀಚಿನ ಅನುವಾದಕ್ಕೆ ಇದೆ. ಅರ್ಥವನ್ನು ಹಾಳೆಯಲ್ಲಿ ಅಚ್ಚು ಹಾಕುವಾಗ ಸ್ವಂತ ಮಾತಿನಲ್ಲಿ ಬರೆಯಿರಿ. ‘ಸಾಂಪ್ರದಾಯಿಕ’ ಎಂದು ಹಾಡುವ ಎಷ್ಟೋ ರಾಗಗಳಿಗೆ ಇಪ್ಪತ್ತನೆಯ ಶತಮಾನದ ಕರ್ತೃಗಳಿದ್ದಾರೆ. ಭಾರತದಲ್ಲಿ ಹಕ್ಕು ಕರ್ತೃ ತೀರಿದ ಮೇಲೆ 60 ವರ್ಷ ಉಳಿಯುತ್ತದೆ: 1994ರಲ್ಲಿ ತೀರಿದವರ ರಾಗ 2054ರ ಕೊನೆಯವರೆಗೂ ಅವರ ವಾರಸುದಾರರದು.

ಸಿನಗಾಗಿನಲ್ಲಿ ವಾದ್ಯದೊಂದಿಗೆ ಹಾಡಬಹುದೇ? ಮುಗಿದ ಮೇಲೆ ಹಾಳೆಗಳನ್ನು ಏನು ಮಾಡಬೇಕು?

ಸಂಪ್ರದಾಯನಿಷ್ಠ ಸಿನಗಾಗುಗಳಲ್ಲಿ ಸಬ್ಬತ್ ದಿನ ವಾದ್ಯವಿಲ್ಲ. ಹೆಣ್ಣುದನಿಯ ಒಂಟಿ ಹಾಡಿಗೂ ಹಲವೆಡೆ ಒಪ್ಪಿಗೆಯಿಲ್ಲ. ಸುಧಾರಿತ ಪಂಥದ ಹಲವು ಸಿನಗಾಗುಗಳಲ್ಲಿ ಎರಡೂ ನಡೆಯುತ್ತವೆ. ಕರೆದವರನ್ನು ಕೇಳಿ ತೀರ್ಮಾನಿಸಿ.

ದೇವರ ನಾಲ್ಕಕ್ಷರದ ಹೆಸರು ಹೀಬ್ರೂ ಲಿಪಿಯಲ್ಲಿ ಅಚ್ಚಾದ ಹಾಳೆಯನ್ನು ಯಹೂದಿಗಳು ಕಸಕ್ಕೆ ಹಾಕುವುದಿಲ್ಲ. ‘ಗೆನಿಜ಼ಾ’ ಎಂಬಲ್ಲಿ ಕೂಡಿಟ್ಟು ಆಮೇಲೆ ಹೂಳುತ್ತಾರೆ. ಅಭ್ಯಾಸದ ಪ್ರತಿಗಳಲ್ಲಿ ಆ ಹೆಸರಿನ ಬದಲು ಎರಡು ‘ಯೋದ್’ ಅಕ್ಷರ ಹಾಕುವ ರೂಢಿಯಿದೆ. ಮೂವತ್ತು ಜನರ ಮೇಳಕ್ಕೆ ತಿದ್ದಿ ತಿದ್ದಿ ನಾಲ್ಕು ಸಲ ಪ್ರತಿ ತೆಗೆದರೂ 120 ಪ್ರತಿಗಳಾಗುತ್ತವೆ. ಆದ್ದರಿಂದ ಪೂರ್ಣ ಹೆಸರಿರುವ ಪುಟವನ್ನು ಕೊನೆಯ ಪ್ರತಿಯಲ್ಲಿ ಮಾತ್ರ ಸೇರಿಸಿ, ಕಾರ್ಯಕ್ರಮ ಮುಗಿದೊಡನೆ ಎಣಿಸಿ ವಾಪಸು ಪಡೆದುಕೊಳ್ಳಿ.